ಇಪ್ಪತ್ತಮೂರು ದಿನದ ದಾಸ್ತಾನು

ಬಸ್ ಡಿಪೋದ ಹಿಂಭಾಗದಲ್ಲಿ, ಹಳೇ ಟೈರುಗಳ ಗುಡ್ಡ ದಾಟಿ, ಡೀಸೆಲ್ ವಾಸನೆಯ ಓಣಿಯಲ್ಲಿ ಹದಿನೆಂಟು ಹೆಜ್ಜೆ ನಡೆದರೆ ಎಡಕ್ಕೊಂದು ಕಿಟಕಿ. ಕಿಟಕಿಗೆ ಕಬ್ಬಿಣದ ಸರಳು, ಸರಳಿನ ಕೆಳಗೆ ಕೈ ತೂರುವಷ್ಟು ಸಂದು, ಸಂದಿನ ಆಚೆ ಒಂದು ದುಂಡು ಮುಖ. ಆ ಮುಖದ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಡಿಪೋದ ನಾನೂರು ಜನರಿಗೂ ಅವನು ಇಲ್ಲಪ್ಪ. ಬಿಡಿಭಾಗಗಳ ಉಗ್ರಾಣಿ. ಯಾರು ಏನು ಕೇಳಿದರೂ, ಕೇಳಿ ಮುಗಿಸುವ ಮೊದಲೇ "ಇಲ್ಲಪ್ಪಾ" ಅನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು.

ಇಲ್ಲ ಅಂದರೆ ಇಲ್ಲವೆಂದೇನಲ್ಲ. ಇತ್ತು, ಎಲ್ಲವೂ ಇತ್ತು. ಆ ಉಗ್ರಾಣದ ನಟ್ಟು ಬೋಲ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಲೋಟ ಟೀ ಕುಡಿದು ವಾಪಸು ಬರಬಹುದಿತ್ತು. ಹೋಗುವುದಕ್ಕೆ ಬಸ್ಸು ಮಾತ್ರ ಸಿಗುತ್ತಿರಲಿಲ್ಲ, ಯಾಕೆಂದರೆ ಬಸ್ಸಿಗೆ ಬೇಕಾದ ಒಂದು ನಟ್ಟನ್ನು ಅವನು ಕೊಟ್ಟಿರುತ್ತಿರಲಿಲ್ಲ. ಅವನ ಕಿಟಕಿಯ ಮುಂದೆ ಫ್ಯಾನ್ ಬೆಲ್ಟ್ ಕೇಳಿಕೊಂಡು ನಿಂತ ಮೆಕ್ಯಾನಿಕ್ ಒಬ್ಬನಿಗೆ ಅಲ್ಲೇ ಗಡ್ಡ ಬೆಳೆದು, ಅಲ್ಲೇ ನರೆತು, ಅಲ್ಲೇ ರಿಟೈರ್ ಆಯಿತು ಅನ್ನುತ್ತಾರೆ. ಇದು ಸುಳ್ಳು. ಗಡ್ಡ ಬೆಳೆದದ್ದು ನಿಜ, ನರೆತಿರಲಿಲ್ಲ.

ಮುಖ್ಯ ಕಚೇರಿಯಿಂದ "ಇಂಥ ಸಾಮಾನು ಕನಿಷ್ಠ ಇಪ್ಪತ್ತು ಇರಲಿ" ಎಂದು ಸುತ್ತೋಲೆ ಬಂದರೆ ಇಲ್ಲಪ್ಪ ಇನ್ನೂರು ತರಿಸಿ ಇಡುತ್ತಿದ್ದ. ಆಫೀಸಿನಲ್ಲಿ ಕುರ್ಚಿ ಬಿಸಿ ಮಾಡುವವರು ಯಾವಾಗಲೂ ಕಡಿಮೆಯೇ ಬರೆಯುತ್ತಾರೆ ಎನ್ನುವುದು ಅವನ ನಂಬಿಕೆ. ಹಾಗೆಂದು ಕುರುಡು ಜಿಪುಣನೂ ಅಲ್ಲ. ಪ್ರತಿ ಡಬ್ಬದ ಮೇಲೂ ಬಂದ ತಾರೀಖನ್ನು ಬಿಳಿ ಬಣ್ಣದಲ್ಲಿ ಬರೆದಿರುತ್ತಿದ್ದ. ಹೊಸ ಮೆಕ್ಯಾನಿಕ್ ಯಾರಾದರೂ ಆಯಿಲ್ ಸೀಲ್ ಕೇಳಿದರೆ, ಕೊಡುವ ಮೊದಲು ಮುಕ್ಕಾಲು ಗಂಟೆ ಪಾಠ.

"ರಬ್ಬರು ಕಣಯ್ಯಾ ಇದು, ಕಬ್ಬಿಣ ಅಲ್ಲ. ಇದಕ್ಕೆ ಆಯುಸ್ಸು ಅಂತ ಇದೆ. ಯಾರೂ ಮುಟ್ಟದಿದ್ರೂ ಕೂತಲ್ಲೇ ಸಾಯುತ್ತೆ. ಹೊರಗಿಂದ ನೋಡಿದ್ರೆ ಫಳಫಳ, ಒಳಗೆ ಸೀಳು. ಅದಕ್ಕೇ ಮೊದಲು ಬಂದದ್ದು ಮೊದಲು ಹೋಗ್ಬೇಕು, ತಿಳೀತಾ?"

ಮನೆಯಲ್ಲೂ ಇದೇ ಪಾಠ. ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟುಗಳು ಸೈನಿಕರ ಹಾಗೆ ತಾರೀಖಿನ ಸಾಲಿನಲ್ಲಿ ನಿಂತಿರಬೇಕು. ಹೆಂಡತಿ ಅಪ್ಪಿತಪ್ಪಿ ಇವತ್ತಿನ ಪ್ಯಾಕೆಟ್ ಒಡೆದರೆ ಅಡುಗೆಮನೆಯ ಬಾಗಿಲಲ್ಲಿ ವಿಚಾರಣೆ ಶುರು.

ಹೆಂಡತಿ ದೊಡ್ಡ ಬೀದಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಕೂದಲೆಳೆಯಷ್ಟು ಓರೆಯಾದರೂ ಹಿಡಿಯುವ ಕಣ್ಣು, ಅದಕ್ಕಿಂತ ಚೂಪಾದ ನಾಲಿಗೆ. ಮದುವೆಯಾಗಿ ಹನ್ನೊಂದು ವರ್ಷ. ಎರಡು ಕೋಣೆಯ ಮನೆ, ಬಾಲ್ಕನಿಯಲ್ಲಿ ಆರು ಕುಂಡ. ಮಗು ಮಾತ್ರ ಇರಲಿಲ್ಲ.

ಈ ಮಾತನ್ನು ಪ್ರತಿ ಭಾನುವಾರ ನೆನಪಿಸಲು ಎರಡು ಬೀದಿ ಆಚೆಯಿಂದ ಇಲ್ಲಪ್ಪನ ಅಕ್ಕ ಬರುತ್ತಿದ್ದಳು. ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಆ ಹಕ್ಕಿನಿಂದ ಅವಳು ಸೋಫಾದ ನಟ್ಟನಡುವೆ ಕೂರುತ್ತಿದ್ದಳು.

"ನಮ್ಮ ವಂಶದಲ್ಲಿ ಈ ತೊಂದರೆ ಯಾರಿಗೂ ಇರಲಿಲ್ಲಮ್ಮ" ಎಂದು ಅಡುಗೆಮನೆಯ ಕಡೆಗೆ ಎಸೆಯುತ್ತಿದ್ದಳು. "ನಮ್ಮ ತಾತ ಕೆಮ್ಮಿದ್ರೂ ಸಾಕು, ಒಂಬತ್ತು ತಿಂಗಳಿಗೆ ತೊಟ್ಟಿಲು. ನಮ್ಮಪ್ಪನಿಗೆ ಏಳು. ಎಂಟನೇದು ಬೇಡ ಅಂತ ಅವರೇ ಬೇರೆ ಊರಿಗೆ ವರ್ಗ ಮಾಡಿಸ್ಕೊಂಡ್ರು."

"ಕಾಫಿಗೆ ಸಕ್ಕರೆ ಎಷ್ಟು ಅತ್ತಿಗೆ?" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಸಕ್ಕರೆ ಎಷ್ಟೆಂದು ಹನ್ನೊಂದು ವರ್ಷದಿಂದ ಗೊತ್ತಿದ್ದವಳು ಕೇಳುವ ಪ್ರಶ್ನೆ ಅದು.

ಇಲ್ಲಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ.

ಆಸ್ಪತ್ರೆಯ ದಾರಿ ಹಿಡಿದು ನಾಲ್ಕು ವರ್ಷವಾಗಿತ್ತು. ಹೊರಗೆ, ಗಾಜಿನ ಬಟ್ಟಲಲ್ಲಿ, ಅಂಡಾಣುವಿಗೂ ವೀರ್ಯಾಣುವಿಗೂ ಜೊತೆ ಮಾಡಿಸಿ, ಐದು ದಿನ ಸಾಕಿ, ಬೆಳೆದ ಭ್ರೂಣವನ್ನು ಒಳಗಿಡುವ ಚಿಕಿತ್ಸೆ. ಎರಡು ಸಲ ಮಾಡಿಸಿದ್ದರು. ಮೊದಲ ಸಲ ಒಂಬತ್ತು ಅಂಡಾಣುಗಳಲ್ಲಿ ಆರು ಫಲಿಸಿ, ಮೂರನೇ ದಿನದಿಂದ ಒಂದೊಂದಾಗಿ ನಿಂತುಹೋದವು. ಐದನೇ ದಿನಕ್ಕೆ ಬಟ್ಟಲು ಖಾಲಿ. ಎರಡನೇ ಸಲ ಒಂದೇ ಒಂದು ದಡ ಮುಟ್ಟಿತು. ಅದನ್ನು ಒಳಗಿಟ್ಟ ಹನ್ನೆರಡನೇ ದಿನ, ಹೆಂಡತಿ ಅಂಗಡಿಯಲ್ಲಿ ಯಾರದೋ ಮೂಗಿಗೆ ಫ್ರೇಮು ಸರಿ ಮಾಡುತ್ತಿದ್ದಾಗ, ಅದೂ ಹೋಯಿತು. ಫ್ರೇಮು ಕೂರಿಸಿ ಮುಗಿಸಿಯೇ ಅವಳು ಒಳಗೆ ಹೋದಳು.

ಎರಡೂ ಸಲ ಹೊಟ್ಟೆಗೆ ಚುಚ್ಚಿಸಿಕೊಂಡದ್ದು, ವಾಂತಿ, ತಲೆಸುತ್ತು, ಎಲ್ಲ ಅವಳ ಪಾಲು. ಇಲ್ಲಪ್ಪನ ಪಾಲಿಗೆ ಒಂದು ಚಿಕ್ಕ ಡಬ್ಬಿ, ಒಂದು ಮುಚ್ಚಿದ ಕೋಣೆ. ಅವನ ರಿಪೋರ್ಟು ಪ್ರತಿ ಸಲವೂ ಚೆನ್ನಾಗಿಯೇ ಬರುತ್ತಿತ್ತು. ಎಣಿಕೆ ಭರ್ತಿ, ಓಟ ಪರವಾಗಿಲ್ಲ. ಅಕ್ಕ ಅದನ್ನು ಓದಿಸಿ ಕೇಳಿ, ಮಡಚಿ, ಪ್ರಶಸ್ತಿಪತ್ರದ ಹಾಗೆ ತಮ್ಮನ ಜೇಬಿಗೆ ಹಾಕಿದ್ದಳು.

ಈಗ ಹೆಂಡತಿಗೆ ಮೂವತ್ತಾರು. "ಇನ್ನೊಂದು ಸಲ ನೋಡ್ತೀನಿ ರೀ. ಅದೇ ಕೊನೆ. ಆಮೇಲೆ ಈ ಮೈಗೆ ಸೂಜಿ ಮುಟ್ಟಿಸಲ್ಲ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ಇಲ್ಲಪ್ಪ ತಲೆಯಾಡಿಸಿದ್ದ. ಆ ಕೊನೆಯದು ಕೈ ತಪ್ಪಬಾರದೆಂದು ಅವನು ಯಾರಿಗೂ ಹೇಳದೆ ಮಾಡುತ್ತಿದ್ದ ತಯಾರಿಯೇ ಈ ಕಥೆಯ ಗಂಟು.

ಮೂರನೇ ಸಲಕ್ಕೆ ಡಾಕ್ಟರು ಬದಲಾಗಿದ್ದರು. ಹೊಸಬರು ನರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡ, ಸುತ್ತುಬಳಸಿ ಮಾತಾಡಲು ಬಾರದ ಹೆಂಗಸು. ಹಳೆಯ ಕಡತ ತಿರುವಿಹಾಕಿ, "ಭ್ರೂಣ ಮೂರನೇ ದಿನದ ಮೇಲೆ ನಿಂತುಹೋಗೋದು ನೋಡಿದ್ರೆ ಒಂದು ಪರೀಕ್ಷೆ ಬಾಕಿ ಇದೆ ಅನ್ಸುತ್ತೆ" ಎಂದರು. "ಎಷ್ಟಿವೆ, ಎಷ್ಟು ಓಡ್ತವೆ ಅಂತ ಎಲ್ಲರೂ ನೋಡಿದ್ದಾರೆ. ಒಳಗಿನ ಡಿಎನ್‌ಎ ಗಟ್ಟಿ ಇದೆಯಾ ಅಂತ ಯಾರೂ ನೋಡಿಲ್ಲ. ಮುಂದಿನ ತಿಂಗಳು ಸ್ಯಾಂಪಲ್ ಕೊಡಿ."

ಕೊಟ್ಟ. ವಾರ ಬಿಟ್ಟು ಇಬ್ಬರನ್ನೂ ಕರೆಸಿದರು.

ಡಾಕ್ಟರ ಕೋಣೆಯ ಪಕ್ಕದ ಲ್ಯಾಬಿನಲ್ಲಿ, ತಲೆಗೆ ನೀಲಿ ಟೋಪಿ ಹಾಕಿದ ಲ್ಯಾಬಿನ ಮೇಡಂ ಸೂಕ್ಷ್ಮದರ್ಶಕಕ್ಕೆ ಅವನ ಸ್ಯಾಂಪಲ್ಲಿನ ಒಂದು ಸ್ಲೈಡು ಸಿಕ್ಕಿಸಿ ಇಟ್ಟಿದ್ದರು. ಇಲ್ಲಪ್ಪ ಮೊದಲು ಬಗ್ಗಿ ನೋಡಿದ.

"ಏನು ಕಾಣುತ್ತೆ?"

"ಕಪ್ಪಗೆ ಉದ್ದುದ್ದ ಇವೆ ಮೇಡಂ. ಸುಮಾರು ಇವೆ."

"ಅದು ನಿಮ್ಮ ರೆಪ್ಪೆ ಕೂದಲು" ಎಂದರು ಮೇಡಂ.

ಹೆಂಡತಿ ಅವನನ್ನು ಪಕ್ಕಕ್ಕೆ ಸರಿಸಿ, ಕೇಳದೆಯೇ ತಿರುಪು ಹಿಡಿದು ಎರಡು ಸಲ ಹಿಂದೆ ಮುಂದೆ ಮಾಡಿ ನಿಲ್ಲಿಸಿದಳು. ಗಾಜು ಅವಳ ಮಾತು ಕೇಳುತ್ತದೆ. "ಕೆಲವಕ್ಕೆ ಸುತ್ತ ಬಳೆಯ ಹಾಗೆ ಮಸುಕು ಬೆಳಕಿದೆ. ಕೆಲವು ಬರೀ ಚುಕ್ಕೆ."

"ಬಳೆ ಇದ್ದದ್ದು ಗಟ್ಟಿ. ಬಳೆ ಇಲ್ಲದ್ದರ ಒಳಗೆ ಡಿಎನ್‌ಎ ತುಂಡಾಗಿದೆ. ಐನೂರು ಎಣಿಸ್ತೀವಿ ನಾವು."

ಹೆಂಡತಿ ತುಟಿ ಅಲ್ಲಾಡಿಸುತ್ತ ಒಂದು ಸಾಲು ತಾನೇ ಎಣಿಸಿ ನೋಡಿದಳು. ಆಮೇಲೆ ಎದ್ದಳು.

ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ರಿಪೋರ್ಟು ಬಿಚ್ಚಿಕೊಂಡು ಕೂತಿತ್ತು. "ನೂರಕ್ಕೆ ನಲವತ್ತೊಂದು" ಎಂದರು ಡಾಕ್ಟರು. "ಡಿಎನ್‌ಎ ಅಂದ್ರೆ ಒಂದು ಉದ್ದನೆ ದಾರ ಅಂತ ಇಟ್ಕೊಳ್ಳಿ. ನಲವತ್ತೊಂದರಲ್ಲಿ ಆ ದಾರ ಅಲ್ಲಲ್ಲಿ ಕಡಿದುಹೋಗಿದೆ. ಓಡ್ತವೆ, ತಲುಪ್ತವೆ, ಫಲಿಸ್ತವೆ. ಕೆಲಸ ಶುರುವಾದ ಮೇಲೆ ಮುಗ್ಗರಿಸ್ತವೆ. ಸಣ್ಣಪುಟ್ಟ ತುಂಡನ್ನ ಅಂಡಾಣುವೇ ಜೋಡಿಸಿಕೊಳ್ಳುತ್ತೆ, ಅದಕ್ಕೆ ಆ ಶಕ್ತಿ ಇದೆ. ಆದ್ರೆ ಎಷ್ಟು ಅಂತ ಜೋಡಿಸುತ್ತೆ? ನಿಮ್ಮ ಅಂಡಾಣುಗಳು ಇಷ್ಟು ದಿನ ಇವರ ರಿಪೇರಿಯಲ್ಲೇ ಸುಸ್ತಾಗಿವೆಯಮ್ಮ."

"ಮನೇಲೂ ಅದೇ ಕೆಲಸ ಡಾಕ್ಟ್ರೇ" ಎಂದಳು ಹೆಂಡತಿ.

ಡಾಕ್ಟರು ನಗಲಿಲ್ಲ, ಪೆನ್ನು ತೆಗೆದರು. "ಸಿಗರೇಟು?"

"ಇಲ್ಲ."

"ಕುಡಿತ? ಇತ್ತೀಚೆಗೆ ಜ್ವರ? ಬೆಂಕಿ, ಬಾಯ್ಲರ್ ಹತ್ತಿರ ಕೆಲಸ?"

"ಇಲ್ಲ ಡಾಕ್ಟ್ರೇ. ಉಗ್ರಾಣ ತಣ್ಣಗಿದೆ."

ಡಾಕ್ಟರು ಹಳೆಯ ಫಾರಂಗಳನ್ನು ಎಳೆದರು. "ಸ್ಯಾಂಪಲ್ ಕೊಡುವ ಮೊದಲು ಎಷ್ಟು ದಿನದ ಸಂಯಮ ಅನ್ನೋ ಜಾಗದಲ್ಲಿ ಮೂರು ಸಲಾನೂ 'ಸೂಚನೆಯಂತೆ' ಅಂತ ಬರೆದಿದ್ದೀರಿ. ಚೀಟಿಯಲ್ಲಿ ಎರಡರಿಂದ ಐದು ದಿನ ಅಂತ ಇದೆ. ಎಷ್ಟು ದಿನ ಇಟ್ಟಿದ್ರಿ?"

ಇಲ್ಲಪ್ಪ ನೆಟ್ಟಗೆ ಕೂತ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ತನ್ನ ಶ್ರದ್ಧೆಯನ್ನು ಗುರುತಿಸುವವರು ಕೊನೆಗೂ ಒಬ್ಬರು ಸಿಕ್ಕರು ಎಂದು ಅವನ ಎದೆ ಒಂದಂಗುಲ ಉಬ್ಬಿತು. "ಇಪ್ಪತ್ತಮೂರು ದಿನ ಡಾಕ್ಟ್ರೇ."

"ಏನು?"

"ಮೊದಲ ಸಲ ಹದಿನೆಂಟೇ ಆಗಿತ್ತು. ಅದಕ್ಕೇ ಸಾಲಲಿಲ್ಲ ಅಂದ್ಕೊಂಡು ಎರಡನೇ ಸಲ ಮೂವತ್ತೊಂದು. ಈ ಸಲ ನೀವು ಬೇಗ ಕರೆದುಬಿಟ್ರಿ, ಇಲ್ದಿದ್ರೆ ನಲವತ್ತು ಮಾಡೋನಿದ್ದೆ."

ಗೋಡೆಯ ಗಡಿಯಾರ ಮೂರು ಸಲ ಟಿಕ್ ಎಂದದ್ದು ಕೇಳಿಸಿತು. ನಾಲ್ಕನೆಯದಕ್ಕೆ ಗಡಿಯಾರವೇ ಸಂಕೋಚಪಟ್ಟಿರಬೇಕು.

"ಯಾಕ್ರೀ?" ಎಂದರು ಡಾಕ್ಟರು, ತೀರ ಮೆತ್ತಗೆ.

"ಕೂಡಿಟ್ರೆ ಜಾಸ್ತಿ ಆಗುತ್ತಲ್ಲ ಡಾಕ್ಟ್ರೇ. ಎಣಿಕೆ ಎಷ್ಟು ಬಂದಿದೆ ನೋಡಿ."

"ಎಣಿಕೆ ಬರುತ್ತೆ. ಆದ್ರೆ ಅದು ಚೀಲದಲ್ಲಿಟ್ಟ ಅಕ್ಕಿಯಲ್ಲ, ಜೀವ. ದಿನದಿನವೂ ಹೊಸದು ತಯಾರಾಗ್ತಾ ಇರುತ್ತೆ, ಹಳೇದು ಹೊರಗೆ ಹೋಗದೆ ಒಳಗೇ ಕೂತು ಕೆಡುತ್ತೆ. ಹೊರಗಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ. ಒಳಗೆ ತುಂಡು."

ಆ ಕ್ಷಣ ಇಲ್ಲಪ್ಪನ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷ, ಸಾವಿರ ಮೆಕ್ಯಾನಿಕ್‌ಗಳಿಗೆ ಮುಕ್ಕಾಲು ಗಂಟೆಯಂತೆ ಒಪ್ಪಿಸಿದ ಪಾಠವನ್ನು ಯಾರೋ ಕಿಟಕಿಯ ಈ ಕಡೆಯಿಂದ ಅವನಿಗೇ ಓದಿ ಹೇಳಿದ್ದರು. ಕುರ್ಚಿಯ ಕೆಳಗೆ ಜಾಗವಿದ್ದರೆ ಅಲ್ಲಿ ಹೋಗಿ ಕೂರುತ್ತಿದ್ದ.

"ಹಾಲಿನ ಪ್ಯಾಕೆಟ್ಟಿಗೆ ಮಾತ್ರ ಹಾಕಿದ್ರಲ್ರೀ ಈ ತಲೇನ" ಎಂದಳು ಹೆಂಡತಿ, ಕಿಟಕಿಯ ಹೊರಗೆ ನೋಡುತ್ತ.

"ಇದೊಂದೇ ಕಾರಣ ಅಂತ ನಾನು ಹೇಳಲ್ಲ" ಎಂದರು ಡಾಕ್ಟರು. "ಇದೂ ಒಂದು. ಆದ್ರೆ ನಮ್ಮ ಕೈಯಲ್ಲಿರೋ ಕಾರಣ. ಹೊಸದು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಮೂರು ತಿಂಗಳು ತಡೆದು ಮಾಡೋಣ. ಬಿಸಿನೀರಲ್ಲಿ ಗಂಟೆಗಟ್ಟಲೆ ಕೂರಬೇಡಿ, ಸಡಿಲ ಬಟ್ಟೆ ಹಾಕಿ, ಹೊಟ್ಟೆ ಒಂದು ಸುತ್ತು ಇಳಿಸಿ, ಹಣ್ಣು ತರಕಾರಿ ತಿನ್ನಿ. ಮತ್ತೆ, ಕೂಡಿಡಬೇಡಿ. ಎರಡು ದಿನಕ್ಕೊಮ್ಮೆಯಾದ್ರೂ ಖಾಲಿಯಾಗ್ಲಿ. ಗಂಡ ಹೆಂಡತಿ ಇದ್ದೀರಿ, ಇದನ್ನೂ ಚೀಟಿಯಲ್ಲಿ ಬರ್ದು ಕೊಡಲಾ?"

"ಬೇಡ, ಬೇಡ" ಎಂದು ಇಬ್ಬರೂ ಒಟ್ಟಿಗೆ ಎದ್ದರು.

ಹೊರಗೆ, ಉದ್ದನೆ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹತ್ತಾರು ಜೋಡಿಗಳು ತಂತಮ್ಮ ಫೈಲು ಮಡಿಲಲ್ಲಿಟ್ಟು ಕೂತಿದ್ದವು. ಕೊನೆಯ ಎರಡು ಕುರ್ಚಿಯಲ್ಲಿ ಇವರು ಕೂತರು.

"ಹಾಗಾದ್ರೆ ಬೆನ್ನುನೋವು?" ಎಂದಳು ಹೆಂಡತಿ.

ಪ್ರತಿ ಸಲ ಚಿಕಿತ್ಸೆಗೆ ತಿಂಗಳಿರುವಾಗ ಇಲ್ಲಪ್ಪ ಬೆನ್ನುನೋವೆಂದು ದಿಂಬು ಹೊದಿಕೆ ಎತ್ತಿಕೊಂಡು ನಡುಮನೆಯ ಸೋಫಾಕ್ಕೆ ಹೋಗಿ ಮಲಗುತ್ತಿದ್ದ. ಸೋಫಾ ಅವನಿಗಿಂತ ಒಂದು ಮೊಳ ಗಿಡ್ಡ.

"ಸುಳ್ಳು" ಎಂದ.

"ಮೂರು ಸಲಾನೂ?"

"ಮೂರು ಸಲಾನೂ. ಕೊನೆಕೊನೆಗೆ ಆ ಸೋಫಾದಿಂದ ನಿಜವಾಗ್ಲೂ ಬಂತು."

"ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ಉಜ್ಜಿದ್ದೀನಲ್ರೀ ನಿಮ್ಮ ಬೆನ್ನಿಗೆ! ಬಿಸಿನೀರಿನ ಚೀಲ ಇಟ್ಟಿದ್ದೀನಿ!"

"ಹಿತವಾಗಿತ್ತು" ಎಂದ ಇಲ್ಲಪ್ಪ, ಪ್ರಾಮಾಣಿಕವಾಗಿ.

ಅವಳಿಗೆ ನಗು ಬಂತು. ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ, ಭುಜ ಕುಲುಕಿತು, ಎದುರು ಸಾಲಿನ ಜೋಡಿಗಳು ತಲೆಯೆತ್ತಿ ನೋಡಿದವು. ಆ ಕಾರಿಡಾರಿನಲ್ಲಿ ಕಟ್ಟಡ ಕಟ್ಟಿದಾಗಿನಿಂದ ಯಾರೂ ನಕ್ಕಿರಲಿಲ್ಲವೇನೋ, ನರ್ಸೊಬ್ಬಳು ಯಾರಿಗೆ ಏನಾಯಿತೆಂದು ಓಡಿ ಬಂದಳು. ಅವಳು ಹೋದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ಬರುತ್ತಿತ್ತು, ಈಗ ಅದು ನಗುವಿನದಾಗಿರಲಿಲ್ಲ.

"ನಾನೇನಂದ್ಕೊಂಡಿದ್ದೆ ಗೊತ್ತಾ? ನನ್ನ ಪಕ್ಕ ಮಲಗೋಕೂ ನಿಮಗೆ ಬೇಡ ಆಗಿದೆ ಅಂತ. ಅತ್ತಿಗೆ ಹೇಳೋ ಮಾತು ನಿಮಗೂ ನಿಜ ಅನ್ನಿಸಿದೆ, ಬಾಯಿಬಿಟ್ಟು ಹೇಳ್ತಿಲ್ಲ, ಅಷ್ಟೇ ಅಂತ. ಎರಡು ಸಲಾನೂ ಆ ಸೂಜಿ ಚುಚ್ಚಿಸ್ಕೊಂಡು ಬಂದು ಒಬ್ಬಳೇ ಮಲಗಿದ್ದೀನಿ."

ಇಲ್ಲಪ್ಪನ ಉಗ್ರಾಣದಲ್ಲಿ ಹನ್ನೆರಡು ಸಾವಿರ ಬಗೆಯ ಸಾಮಾನಿಗೆ ಹೆಸರಿತ್ತು, ಈ ಒಂದು ವಿಷಯಕ್ಕೆ ಅವನ ಬಳಿ ಪದವೇ ಇರಲಿಲ್ಲ. ಇದ್ದಿದ್ದರೆ ಮೊದಲ ಸಲವೇ ಹೇಳಿರುತ್ತಿದ್ದ, ಅವಳು ಚೀಟಿ ಓದಿ ತಲೆಗೆ ಮೊಟಕಿರುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. "ನಿನಗೋಸ್ಕರಾನೇ ಮಾಡಿದ್ದು ಮಾರಾಯ್ತಿ" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ತಪ್ಪು ಮಾಡಿದೆ" ಎಂದ.

"ಹೂಂ" ಎಂದಳು. ಫೈಲನ್ನು ಅವನ ಮಡಿಲಿಗೆ ಹಾಕಿ ಎದ್ದಳು. "ನಡೀರಿ. ಅತ್ತಿಗೆಗೆ ಯಾರು ಹೇಳ್ತಾರೆ?"

"ಅಕ್ಕನಿಗಾ? ಇದನ್ನಾ?"

"ನಾಲ್ಕು ವರ್ಷ ನಾನು ಕೇಳಿಸ್ಕೊಂಡಿದ್ದೀನಿ. ಒಂದು ದಿನ ಅವರು ಕೇಳಿಸ್ಕೊಳ್ಲಿ."

ಆ ಭಾನುವಾರ ಅಕ್ಕ ಬರುವ ಮೊದಲೇ ಇಲ್ಲಪ್ಪ ಅವಳ ಮನೆಗೆ ಹೋದ. ಎರಡೇ ಬೀದಿ. ಆದರೆ ಅವತ್ತು ಆ ಎರಡು ಬೀದಿ ಇಪ್ಪತ್ತು ಮೈಲಿ ಉದ್ದವಾಗಿತ್ತು, ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡ. ಅಕ್ಕ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ, ಮೊಮ್ಮಗನ ಶರ್ಟಿಗೆ ಗುಂಡಿ ಹಾಕುತ್ತಿದ್ದಳು.

"ಏನೋ, ಮುಖ ಹೀಗಿದೆ? ಮತ್ತೆ ಏನಂತೆ ಅವಳದ್ದು?"

"ಅವಳದ್ದಲ್ಲ ಅಕ್ಕಾ, ನನ್ನದು."

"ನಿನ್ನದೇನೋ? ನಿನ್ನ ರಿಪೋರ್ಟು ಚಿನ್ನದ ಹಾಗಿತ್ತಲ್ಲ!"

ಇಲ್ಲಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ಶುರು ಮಾಡಿದ. ದಾರ, ತುಂಡು, ನಲವತ್ತೊಂದು. ಅಲ್ಲಿಯವರೆಗೆ ಅಕ್ಕ ಸೂಜಿ ಹಿಡಿದು ಕೇಳಿದಳು. ಹದಿನೆಂಟು, ಮೂವತ್ತೊಂದು, ಇಪ್ಪತ್ತಮೂರು ಎನ್ನುವ ಲೆಕ್ಕಕ್ಕೆ ಬರುವಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡಳು.

"ಅಯ್ಯೋ ಹಾಳಾದವನೇ! ಅಕ್ಕನ ಮುಂದೆ ಆಡೋ ಮಾತೇನೋ ಇದು! ಬಾಯಿ ಮುಚ್ಚು!"

"ನೀನು ಪ್ರತಿ ವಾರ ಅವಳ ಮುಂದೆ ಆಡೋ ಮಾತೂ ಇದೇ ತಾನೆ ಅಕ್ಕಾ? ನಾನು ಪೇಪರ್ ಅಡ್ಡ ಹಿಡ್ಕೊಂಡು ಕೂತಿರ್ತಿದ್ದೆ. ಅದು ನನ್ನ ತಪ್ಪು. ಇನ್ನು ಆಡ್ಬೇಡ."

ತಮ್ಮ ಈ ದನಿಯಲ್ಲಿ ಮಾತಾಡಿದ್ದನ್ನು ಅಕ್ಕ ಎಂದೂ ಕೇಳಿರಲಿಲ್ಲ. ಕಿವಿ ಮುಚ್ಚಿದ ಕೈ ಹಾಗೇ ಇತ್ತು, ಆದರೆ ಬೆರಳು ಸಡಿಲವಾಗಿದ್ದವು. ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಕಾಫಿ ಕುಡಿದು ಹೋಗು" ಎಂದಳು. ಆ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಅವನು ತುಟಿಪಿಟಕ್ಕೆನ್ನದೆ ಕುಡಿದ.

ಎರಡು ವಾರ ಅಕ್ಕ ಇವರ ಮನೆ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಒಂದು ಮಧ್ಯಾಹ್ನ ಸೀದಾ ಕನ್ನಡಕದ ಅಂಗಡಿಗೆ ಹೋದಳು. ಹನ್ನೊಂದು ವರ್ಷದಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಕಣ್ಣು ತೋರಿಸ್ಬೇಕಿತ್ತು" ಎಂದಳು, ಕೌಂಟರಿನ ಗಾಜಿಗೆ ಹೇಳುವ ಹಾಗೆ.

ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ ತಮ್ಮನ ಹೆಂಡತಿ ಅಕ್ಷರದ ಹಲಗೆಯ ದೀಪ ಹಾಕಿದಳು. ಅಕ್ಕ ಮೇಲಿನ ದೊಡ್ಡಕ್ಷರದಿಂದ ಶುರು ಮಾಡಿ ಕೊನೆಯ ಸಾಲಿನವರೆಗೆ ಗಡಗಡ ಓದಿ, ಅದರ ಕೆಳಗಿದ್ದ ಪ್ರಿಂಟಿಂಗ್ ಪ್ರೆಸ್ಸಿನ ವಿಳಾಸವನ್ನೂ ಓದಿದಳು. ಸ್ವಲ್ಪ ಬಿಟ್ಟಿದ್ದರೆ ಎದುರು ಬೀದಿಯ ಬೋರ್ಡುಗಳನ್ನೂ ಓದುತ್ತಿದ್ದಳು.

"ನಿಮಗೆ ಕನ್ನಡಕ ಬೇಕಾಗಿಲ್ಲ ಅತ್ತಿಗೆ. ನನಗಿಂತ ಚೆನ್ನಾಗಿದೆ ಕಣ್ಣು."

"ಗೊತ್ತು" ಎಂದಳು ಅಕ್ಕ. ಎದ್ದೇಳಲಿಲ್ಲ. "ಅವನು ಬಂದಿದ್ದ. ಹೇಳಿದ. ಹೇಳಬಾರದ್ದನ್ನೂ ಹೇಳಿದ, ಆ ಮಂಕ. ಸಾಕಿದ್ದು ನಾನೇ ಅಲ್ವಾ, ಯಾರನ್ನ ಬಯ್ಯಲಿ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನು ಬಾಯಿಗೆ ಬಂದದ್ದೆಲ್ಲ ಆಡಿದ್ದೀನಿ ನಿನಗೆ. ಮನಸ್ಸಲ್ಲಿ ಇಟ್ಕೋಬೇಡ ಅಂತ ಹೇಳೋಕೂ ನನಗೆ ಮುಖ ಇಲ್ಲ."

"ಮನಸ್ಸಲ್ಲಿ ಇದೆ ಅತ್ತಿಗೆ" ಎಂದಳು ಅವಳು. ಸುಳ್ಳು ಹೇಳುವ ಪೈಕಿ ಅಲ್ಲ. "ಹೋಗೋಕೆ ಸ್ವಲ್ಪ ದಿನ ಬೇಕು. ಕೂತಿರಿ, ಟೀ ತರಿಸ್ತೀನಿ."

ಅಕ್ಕ ಟೀ ಮುಗಿಯುವವರೆಗೂ ಕೂತಿದ್ದು, ಬರಿಗೈಲಿ ಹೋಗಬಾರದೆಂದು ಒಂದು ಕನ್ನಡಕದ ಡಬ್ಬಿ ಕೊಂಡುಕೊಂಡು ಹೋದಳು. ಕನ್ನಡಕವೇ ಇಲ್ಲದ ಅವಳು ಅದರಲ್ಲಿ ಗುಂಡಿಗಳನ್ನು ಇಟ್ಟಳಂತೆ.

ಇನ್ನು ಆ ಮೂರು ತಿಂಗಳು. ಇಲ್ಲಪ್ಪ ಸಡಿಲ ಪ್ಯಾಂಟು ಹೊಲಿಸಿದ. ಎಷ್ಟು ಸಡಿಲ ಎಂದರೆ ಗಾಳಿ ಬೀಸಿದ ದಿನ ಅವನು ಡಿಪೋಗೆ ನಡೆದು ಬರುತ್ತಿದ್ದನೋ ಹಾಯಿದೋಣಿ ತೇಲಿ ಬರುತ್ತಿತ್ತೋ ದೂರದಿಂದ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಬಗೆಯ ಹಣ್ಣು ತಿಂದ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ. ಮಲಗುವ ಕೋಣೆಯ ಸಂಗತಿ ನಮಗೆ ಬೇಡ. ನಡುಮನೆಯ ಸೋಫಾದ ಮೇಲೆ ಮಡಚಿಟ್ಟ ಬಟ್ಟೆ ಬಿಟ್ಟರೆ ಬೇರೇನೂ ಮಲಗುತ್ತಿರಲಿಲ್ಲ ಎಂದಷ್ಟೇ ಹೇಳಬಹುದು.

ಇಷ್ಟೆಲ್ಲ ಆದ ಮೇಲೆ ಅವನು ಕಿಟಕಿಯಲ್ಲೂ ಕೈ ಬಿಚ್ಚಿ ಸಾಮಾನು ಕೊಡುತ್ತಾನೆಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಇಲ್ಲಪ್ಪ ಗೊತ್ತಿಲ್ಲ. ಮನೆಯಲ್ಲಿ ಬಿಟ್ಟದ್ದನ್ನು ಡಿಪೋದಲ್ಲಿ ವಸೂಲಿ ಮಾಡಿದ. ಆ ಮೂರು ತಿಂಗಳಲ್ಲಿ ಒಂದು ವಾಷರ್ ಪಡೆಯಲು ಫೋರ್‌ಮನ್ ಹದಿನಾಲ್ಕು ಸಲ ಬಂದು ಹೋದ. "ಏನಯ್ಯಾ, ಇದೇನು ನಿನ್ನ ಮೈಯಿಂದ ಕಿತ್ತು ಕೊಡ್ತಿದ್ದೀಯಾ?" ಎಂದು ರೇಗಿದ. ಇಲ್ಲಪ್ಪ ಕಿವಿಯವರೆಗೆ ಕೆಂಪಾಗಿ ಕಿಟಕಿ ಹಾಕಿಕೊಂಡ. ಫೋರ್‌ಮನ್‌ಗೆ ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ನೂರಕ್ಕೆ ಹತ್ತೊಂಬತ್ತು. "ಹೊರಡೋಣ" ಎಂದರು ಡಾಕ್ಟರು.

ಎಂಟು ಅಂಡಾಣು ಸಿಕ್ಕವು, ಆರು ಫಲಿಸಿದವು. ದಿನಾ ಬೆಳಿಗ್ಗೆ ಲ್ಯಾಬಿನಿಂದ ಫೋನು. ಮೂರನೇ ದಿನ ಆರಕ್ಕೆ ಐದು ಇದ್ದವು. ನಾಲ್ಕನೇ ದಿನ ಇಬ್ಬರೂ ಊಟ ಬಿಟ್ಟರು. ಐದನೇ ದಿನ, ಗಟ್ಟಿಯಾಗಿ ಬೆಳೆದವು ಮೂರು. ಒಂದನ್ನು ಒಳಗಿಟ್ಟು, ಎರಡನ್ನು ಶೀತಲ ಪೆಟ್ಟಿಗೆಗೆ ಸೇರಿಸುತ್ತೇವೆಂದರು.

"ಎಲ್ಲಿಡ್ತೀರಿ?" ಎಂದ ಇಲ್ಲಪ್ಪ ಥಟ್ಟನೆ.

ಹೆಂಡತಿ ಹಾಸಿಗೆಯ ಮೇಲೆ ವಿಶ್ರಾಂತಿಯಲ್ಲಿದ್ದಾಗ ಅವನು ಲ್ಯಾಬಿನ ಮೇಡಂ ಬೆನ್ನು ಬಿಡದೆ ಹೋಗಿ ಬಾಗಿಲ ಗಾಜಿನಿಂದ ಇಣುಕಿದ. ಹಾಲಿನ ಕ್ಯಾನಿನ ಹಾಗಿರುವ ದಪ್ಪ ಉಕ್ಕಿನ ಪೀಪಾಯಿ. ಮುಚ್ಚಳ ತೆರೆದಾಗ ಬಿಳಿ ಹೊಗೆ ನೆಲಕ್ಕೆ ಇಳಿಯಿತು.

"ತಾರೀಖು ಬರೆದಿದ್ದೀರಾ? ಹೆಸರು? ಬೀಗದ ಕೈ ಯಾರ ಹತ್ರ? ದಿನಾ ಯಾರು ನೋಡ್ತಾರೆ? ಭಾನುವಾರ?"

ಮೇಡಂ ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ, "ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿದೆ ಸರ್. ಇಲ್ಲಿ ವಯಸ್ಸೇ ಆಗಲ್ಲ. ಐದು ವರ್ಷ ಬಿಟ್ಟು ತೆಗೆದ್ರೂ ಇವತ್ತಿನ ಹಾಗೇ ಇರುತ್ತೆ" ಎಂದರು.

ಇಲ್ಲಪ್ಪ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟ. ಕೂತಲ್ಲಿ ಸಾಯದ ಸಾಮಾನು! ಇಪ್ಪತ್ತು ವರ್ಷ ಉಗ್ರಾಣ ಕಾದವನಿಗೆ ಸ್ವರ್ಗ ಎನ್ನುವುದು ಹೇಗಿರುತ್ತದೆಂದು ಆ ದಿನ ಕಂಡಿತು. ಪೀಪಾಯಿಗೆ ಕೈ ಮುಗಿಯಬೇಕೆನಿಸಿತು, ಮೇಡಂ ನೋಡುತ್ತಿದ್ದರು, ಬಿಟ್ಟ.

ಆಮೇಲಿನ ಹದಿನಾಲ್ಕು ದಿನ ಹೇಗೆ ಹೋದವೋ ಅವರಿಗೇ ಗೊತ್ತು. ಹನ್ನೆರಡನೇ ದಿನ ಹೆಂಡತಿ ಅಂಗಡಿಗೆ ಹೋಗದೆ ಮಂಚದಲ್ಲೇ ಕೂತಳು. ಇಲ್ಲಪ್ಪ ರಜೆ ಹಾಕಿ ಪಕ್ಕದಲ್ಲಿ ಕೂತ. ಅವಳ ಕಾಲು ತಣ್ಣಗಿತ್ತು, ಅವನು ಉಜ್ಜುತ್ತಿದ್ದ. ಸಂಜೆಯಾಯಿತು. ಏನೂ ಆಗಲಿಲ್ಲ. ಹದಿಮೂರನೇ ದಿನವೂ ಆಗಲಿಲ್ಲ. ಹದಿನಾಲ್ಕಕ್ಕೆ ರಕ್ತ ಕೊಟ್ಟು ಬಂದರು, ಮಧ್ಯಾಹ್ನ ಡಾಕ್ಟರೇ ಫೋನು ಮಾಡಿ, "ಪಾಸಿಟಿವ್ ಬಂದಿದೆ. ಆದ್ರೆ ಈಗ್ಲೇ ಯಾರಿಗೂ ಹೇಳ್ಬೇಡಿ" ಎಂದರು.

ಏಳನೇ ವಾರ ಸ್ಕ್ಯಾನು. ಮಬ್ಬು ಪರದೆಯ ಮೇಲೆ ಬೂದು ಬಣ್ಣದ ಒಂದು ಕಾಳು, ಕಾಳಿನ ನಡುವೆ ಏನೋ ಮಿಣಿಮಿಣಿ. ಡಾಕ್ಟರು ಬೆರಳು ತೋರಿಸುವ ಮೊದಲೇ ಹೆಂಡತಿ ಉಸಿರು ಹಿಡಿದು, "ಅಗೋ" ಎಂದಳು. ಇಲ್ಲಪ್ಪನಿಗೆ ಕಾಣಲಿಲ್ಲ. ಕಣ್ಣು ತುಂಬಿದವನಿಗೆ ಏನು ಕಾಣುತ್ತದೆ? ಡಾಕ್ಟರು ಧ್ವನಿ ಹಾಕಿದರು. ಕುದುರೆ ಓಡಿದ ಹಾಗೆ ಒಂದು ಟಕಟಕ ಕೋಣೆ ತುಂಬಿತು.

"ಎದೆ ಬಡಿತ ಚೆನ್ನಾಗಿದೆ" ಎಂದರು ಡಾಕ್ಟರು. "ಇನ್ನೂ ದಾರಿ ದೂರ ಇದೆ. ಆದ್ರೆ ಈ ಸಲ ದಾರಿ ಹಿಡಿದಿದೆ."

ಇಲ್ಲಪ್ಪ ಮೂಗೊರೆಸಿಕೊಂಡು ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ಕು, ಪೆನ್ಸಿಲು ತೆಗೆದ. "ಹೇಳಿ ಡಾಕ್ಟ್ರೇ. ಇನ್ನು ನಾನೇನು ಮಾಡ್ಬೇಕು? ಎಷ್ಟು ದಿನ, ಎಷ್ಟು ಸಲ, ಎಲ್ಲಾ ಸರಿಯಾಗಿ ಹೇಳಿ. ನೀವು ಹೇಳಿದ್ದಕ್ಕಿಂತ ಒಂದು ಕಡ್ಡಿ ಹೆಚ್ಚೂ ಮಾಡಲ್ಲ, ಕಡಿಮೇನೂ ಮಾಡಲ್ಲ."

ಡಾಕ್ಟರು ಮೊದಲ ಸಲ ನಕ್ಕರು. "ಏನೂ ಇಲ್ಲ. ನಿಮ್ಮ ಕೆಲಸ ಮುಗೀತು. ಸುಮ್ಮನಿರಿ."

"ಸುಮ್ಮನೆ ಅಂದ್ರೆ?"

"ಸುಮ್ಮನೆ ಅಂದ್ರೆ ಸುಮ್ಮನೆ."

ಇಲ್ಲಪ್ಪ ಅದನ್ನೇ ಬರೆದುಕೊಂಡ. ಬರೆದದ್ದನ್ನು ಓದಿ, ಅಡಿಗೆರೆ ಎಳೆದ. ಆದರೆ ಆಸ್ಪತ್ರೆಯ ಗೇಟು ದಾಟಿದ್ದೇ ತಡ, ಹೆಂಡತಿಯ ಕೈಚೀಲ ಕಸಿದುಕೊಂಡು, ಫುಟ್‌ಪಾತಿನ ಒಳಬದಿಗೆ ಅವಳನ್ನು ತಳ್ಳಿ, ಎದುರು ಬರುವ ಸೈಕಲ್ಲುಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತ ಮುಂದೆ ಮುಂದೆ ನಡೆದ. "ಮೆಲ್ಲಗೆ, ಮೆಲ್ಲಗೆ! ಕಲ್ಲಿದೆ ಅಲ್ಲಿ. ಬಿಸಿಲಿಗೆ ಬರ್ಬೇಡ. ಕೂತ್ಕೋತೀಯಾ? ನೀರು ಕೊಡ್ಲಾ?"

"ರೀ" ಎಂದಳು ಅವಳು, ಒಂದು ಹೆಜ್ಜೆಯೂ ನಿಧಾನ ಮಾಡದೆ ಅವನನ್ನು ದಾಟಿ ಮುಂದೆ ಹೋಗುತ್ತ. "ಡಾಕ್ಟ್ರು ಸುಮ್ಮನಿರಿ ಅಂದಿದ್ದು ನಿಮಗೆ. ನನಗಲ್ಲ. ಬೇಗ ಬನ್ನಿ, ಬಸ್ಸು ಬಂತು."